ಆ ಕಡೇದೂ ಇಷ್ಟೇ ಬಿಚ್ಚಿರ್ತದಾ?

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಫೋನ್ ಮಾಡಿದ್ದರು. "ಶಾಲೆಯ ನೆನಪುಗಳನ್ನು ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನೀನು ನಿನ್ನ ಓದಿಗೆ ಹತ್ತಿರವಾದದ್ದು ಏನಾದರೂ ಬರಿಯಪ್ಪ, ಮಕ್ಕಳಿಗೂ ಉಪಯೋಗವಾಗಲಿ" ಎಂದರು. ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ವಿಮಾನ ನನ್ನ ಉದ್ಯೋಗದ ವಿಷಯವಲ್ಲ. ಆದರೂ ಈ ಲೇಖನ ವಿಮಾನದ ರೆಕ್ಕೆಯ ಬಗ್ಗೆ ಇದೆ. ಅದಕ್ಕೆ ಕಾರಣ ನಮ್ಮ ತಂದೆಯವರು ಕೇಳಿದ ಒಂದು ಪ್ರಶ್ನೆ.

ಅಪ್ಪ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋದಾಗ ಅವರಿಬ್ಬರಿಗೂ ಅದು ಮೊದಲ ವಿಮಾನ ಪ್ರಯಾಣ. ಅಪ್ಪನಿಗೆ ಕಿಟಕಿ ಪಕ್ಕದ ಸೀಟು, ರೆಕ್ಕೆಗಿಂತ ಸ್ವಲ್ಪ ಹಿಂದೆ. ಇಳಿಯುವ ಹೊತ್ತಿಗೆ ರೆಕ್ಕೆಯ ಹಿಂಬದಿಯ ಹಲಗೆ ಗುಂಯ್ ಎನ್ನುತ್ತ ಹಿಂದಕ್ಕೆ ಸರಿದು ಕೆಳಗೆ ಬಾಗಿತು. ನಡುವಿನ ಸಂದಿಯಲ್ಲಿ ನೆಲ ಕಾಣಿಸಿತು. "ಏನ್ಲಾ, ರೆಕ್ಕೆ ಬಿಚ್ಕತಾ ಐತಲ್ಲ?" ಎಂದರು. ಇಳಿಯುವಾಗ ಹಾಗೆಯೇ ಮಾಡುತ್ತಾರೆ ಎಂದೆ. ಸ್ವಲ್ಪ ಹೊತ್ತು ನೋಡಿ, "ಆ ಕಡೇದೂ ಇಷ್ಟೇ ಬಿಚ್ಚಿರ್ತದಾ? ಹೆಚ್ಚು ಕಮ್ಮಿ ಆದ್ರೆ?" ಎಂದರು. "ಕಂಪ್ಯೂಟರ್ ನೋಡ್ಕೊಳ್ತದೆ ಬಿಡಪ್ಪ" ಎಂದು ನಾನು ಮಾತು ಮುಗಿಸಿಬಿಟ್ಟೆ.

ಜೀವಮಾನವೆಲ್ಲ ಜೋಡೆತ್ತು ಕಟ್ಟಿ ಉತ್ತವರು ಅವರು. ಒಂದೆತ್ತು ಮುಂದಾಗಿ ಇನ್ನೊಂದು ಹಿಂದಾದರೆ ನೇಗಿಲು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿದ್ದವರಿಗೆ ಆ ಪ್ರಶ್ನೆ ತಾನಾಗಿಯೇ ಬಂತು. ನನಗೆ ಮಾತ್ರ ಸರಿಯಾದ ಉತ್ತರ ಗೊತ್ತಿರಲಿಲ್ಲ. ಊರಿಗೆ ಬಂದ ಮೇಲೆ ಓದುತ್ತಾ ಹೋದೆ. ಆ ಉತ್ತರಕ್ಕೆ ನೂರು ವರ್ಷದ ಚರಿತ್ರೆಯಿದೆ. ಅದರಲ್ಲಿ ಕೆಲವು ಪುಟಗಳು ಬೆಂಗಳೂರಿನವು, ಒಂದು ಪುಟ ನಮ್ಮ ಪಕ್ಕದ ಗೊರೂರಿನದು.

ಮೊದಲು ಆ ಹಲಗೆಯ ಕೆಲಸವೇನು ಎಂಬುದನ್ನು ಹೇಳಿಬಿಡುತ್ತೇನೆ. ಅದರ ಹೆಸರು ಫ್ಲಾಪ್. ಓಡುವ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿ ಅಂಗೈಯನ್ನು ಸ್ವಲ್ಪ ಓರೆ ಮಾಡಿದರೆ ಗಾಳಿ ಕೈಯನ್ನು ಮೇಲಕ್ಕೆ ಎತ್ತುತ್ತದೆ (ಕಂಡಕ್ಟರ್ ನೋಡಿದರೆ ಬೈಸಿಕೊಳ್ಳುವುದೂ ಖಂಡಿತ). ಆ ಎತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಅಂದರೆ ವೇಗ ಅರ್ಧವಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಆಕಾಶದಲ್ಲಿ ಗಂಟೆಗೆ 800 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಹೋಗುವ ವಿಮಾನ ನೆಲ ಮುಟ್ಟುವಾಗ ಸುಮಾರು 250ರಷ್ಟಕ್ಕೆ ಇಳಿಯಬೇಕು. ಕೆಳಗಿನ ಗಾಳಿ ದಟ್ಟ ಎನ್ನುವುದನ್ನು ಪಕ್ಕಕ್ಕಿಟ್ಟರೆ, ಅದೇ ರೆಕ್ಕೆ ಅದೇ ಓರೆಯಲ್ಲಿ ಹತ್ತನೇ ಒಂದು ಭಾಗದಷ್ಟು ಮಾತ್ರ ಎತ್ತಬಲ್ಲದು. ವಿಮಾನದ ತೂಕ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಇಳಿಯುವಾಗ ರೆಕ್ಕೆಯನ್ನು ಅಗಲ ಮಾಡಿ ಹೆಚ್ಚು ಬಾಗಿಸುತ್ತಾರೆ. ಹಿಂಬದಿಯಲ್ಲಿ ಚಾಚುವುದು ಫ್ಲಾಪ್, ಮುಂಬದಿಯಲ್ಲಿ ಚಾಚುವುದು ಸ್ಲ್ಯಾಟ್.

ಈಗ ಎಡಗಡೆ ಫ್ಲಾಪ್ ಪೂರ್ತಿ ಚಾಚಿ ಬಲಗಡೆಯದು ಚಾಚದೆ ಉಳಿಯಿತು ಎಂದುಕೊಳ್ಳಿ. ಎಡ ರೆಕ್ಕೆ ಹೆಚ್ಚು ಎತ್ತುತ್ತದೆ, ಬಲ ರೆಕ್ಕೆ ಕಡಿಮೆ. ವಿಮಾನ ಬಲಕ್ಕೆ ಮಗುಚಿಕೊಳ್ಳಲು ಹೊರಡುತ್ತದೆ. ಪೈಲಟ್ ಬಳಿ ಅದನ್ನು ತಡೆಯಲು ರೆಕ್ಕೆ ತುದಿಯ ಏಲೆರಾನ್ ಎಂಬ ಸಣ್ಣ ಹಲಗೆಗಳಿವೆ. ಆದರೆ ಅವುಗಳ ಶಕ್ತಿಗೆ ಮಿತಿಯಿದೆ. ವ್ಯತ್ಯಾಸ ಆ ಮಿತಿ ದಾಟಿದರೆ ಮುಗಿಯಿತು. ಅದೂ ಇದೆಲ್ಲ ನಡೆಯುವುದು ನೆಲಕ್ಕೆ ಹತ್ತಿರದಲ್ಲಿ, ವೇಗ ಕಡಿಮೆ ಇರುವಾಗ, ಸುಧಾರಿಸಿಕೊಳ್ಳಲು ಎತ್ತರವೂ ಇಲ್ಲದಿರುವಾಗ.

ಎರಡೂ ಕಡೆ ಸಮನಾಗಿರಬೇಕು ಎಂಬ ಪಾಠ ಹಾಸನಕ್ಕೆ ಹೊಸದೇನಲ್ಲ. ಹಾಸನದ ಇಸ್ರೋ ಕೇಂದ್ರ ಎಂದು ನಾವು ಕರೆಯುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಲ್ಲಿ ಮೊದಲು ಕೈಗೆತ್ತಿಕೊಂಡ ಉಪಗ್ರಹ ಇನ್ಸಾಟ್-1ಎ. ಅದರ ಸೌರಫಲಕ ಒಂದೇ ಪಕ್ಕದಲ್ಲಿತ್ತು. ಬೆಳಕಿನ ಒತ್ತಡದಿಂದ ಉಪಗ್ರಹ ತಿರುಗಿಕೊಳ್ಳದಿರಲಿ ಎಂದು ಇನ್ನೊಂದು ಪಕ್ಕದಲ್ಲಿ ಒಂದು ಹಾಯಿ ಇಟ್ಟಿದ್ದರು. ಆ ಹಾಯಿ ಬಿಚ್ಚಿಕೊಳ್ಳಲಿಲ್ಲ. ಏಪ್ರಿಲ್‌ನಲ್ಲಿ ಹಾರಿಸಿದ ಉಪಗ್ರಹವನ್ನು ನೆಟ್ಟಗೆ ನಿಲ್ಲಿಸುವುದರಲ್ಲಿಯೇ ಇಂಧನ ಖರ್ಚಾಗಿ ಸೆಪ್ಟೆಂಬರ್‌ನಲ್ಲಿ ಅದನ್ನು ಕೈಬಿಡಬೇಕಾಯಿತು. ಗಾಳಿಯೇ ಇಲ್ಲದ ಕಡೆ ಬೆಳಕಿನ ಒತ್ತಡಕ್ಕೇ ಹೀಗಾದರೆ, ಗಂಟೆಗೆ 250 ಕಿಲೋಮೀಟರ್ ವೇಗದ ಗಾಳಿಯಲ್ಲಿ ಏನಾಗಬಹುದು ಎಂದು ಊಹಿಸಿಕೊಳ್ಳಿ.

ಫ್ಲಾಪ್ ಬಂದದ್ದು ಮೊದಲನೇ ಮಹಾಯುದ್ಧದ ಆಸುಪಾಸಿನಲ್ಲಿ. ವಿಮಾನ ಕಂಡುಹಿಡಿದ ಸೋದರರಲ್ಲಿ ಒಬ್ಬರಾದ ಆರ್ವಿಲ್ ರೈಟ್ ಅವರೇ ಜೇಮ್ಸ್ ಜೇಕಬ್ಸ್ ಜೊತೆ ಸೇರಿ 1920ರ ಹೊತ್ತಿಗೆ ಒಂದು ಬಗೆಯ ಫ್ಲಾಪ್ ರೂಪಿಸಿದರು. ಅಮೆರಿಕದ ಹಾರ್ಲನ್ ಫೌಲರ್ 1920ರ ದಶಕದಲ್ಲಿ ರೂಪಿಸಿದ್ದು ಹಿಂದಕ್ಕೆ ಜಾರಿ ಕೆಳಗೆ ಬಾಗುವ ಫ್ಲಾಪ್. ನಮ್ಮಪ್ಪ ಕಿಟಕಿಯಲ್ಲಿ ನೋಡಿದ್ದು ಅದೇ ಜಾತಿಯದು. ಬಹಳ ವರ್ಷ ಅದನ್ನು ಯಾರೂ ಕೇಳಲಿಲ್ಲ. 1937ರ ಲಾಕ್‌ಹೀಡ್ ವಿಮಾನವೊಂದರ ನಂತರ ಎಲ್ಲರೂ ಅದರ ಹಿಂದೆ ಬಿದ್ದರು.

ಆ ಫೌಲರ್ ಫ್ಲಾಪ್ ದೊಡ್ಡ ಪ್ರಮಾಣದಲ್ಲಿ ನಮ್ಮ ರಾಜ್ಯಕ್ಕೆ ಬಂದ ಕಥೆ ಸ್ವಾರಸ್ಯವಾಗಿದೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. ಇಂದಿನ ಎಚ್‌ಎಎಲ್ ಅದೇ. ಯುದ್ಧ ಮುಗಿದಾಗ ಲಿಬರೇಟರ್ ಎಂಬ ನಾಲ್ಕು ಎಂಜಿನ್‌ಗಳ ದೊಡ್ಡ ಬಾಂಬರ್ ವಿಮಾನಗಳು ಕಾನ್ಪುರದಲ್ಲಿ ರಾಶಿ ಬಿದ್ದಿದ್ದವು. ಬಿಟ್ಟುಹೋದವರು ಮತ್ತೆ ಯಾರೂ ಹಾರಿಸಬಾರದೆಂದು ಅವನ್ನು ಬೇಕೆಂದೇ ಕೆಡಿಸಿ ಹೋಗಿದ್ದರು. ಸ್ವಾತಂತ್ರ್ಯ ಬಂದ ಹೊಸದು, ವಾಯುಪಡೆಗೆ ದೊಡ್ಡ ಬಾಂಬರ್ ಇಲ್ಲ, ಕೊಳ್ಳಲು ಹಣವೂ ಇಲ್ಲ. ಎಚ್‌ಎಎಲ್‌ನವರು ಆ ಗುಜರಿಯಿಂದ ಸುಮಾರು 40 ವಿಮಾನಗಳನ್ನು ಎಬ್ಬಿಸಿದರು. ಹಾರುವಷ್ಟು ಮಟ್ಟಿಗೆ ತೇಪೆ ಹಾಕಿದ ಒಂದೊಂದನ್ನೇ ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದವರು ಪೈಲಟ್ ಜಮ್ಷೆಡ್ ಮುನ್ಷಿ. ಬೆಂಗಳೂರಿನ ಶೆಡ್ಡುಗಳಲ್ಲಿ ಅವನ್ನು ಪೂರ್ತಿ ಸಿದ್ಧಪಡಿಸಿದರು. 1948ರಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್‌ಗೆ ಸೇರಿದ ಆ ವಿಮಾನಗಳು 1968ರವರೆಗೂ ಸೇವೆಯಲ್ಲಿದ್ದವು.

ಲಿಬರೇಟರ್‌ನ ರೆಕ್ಕೆಯಲ್ಲಿದ್ದುದು ಫೌಲರ್ ಫ್ಲಾಪ್. ಆ ಕಾಲದ ವಿಮಾನಗಳಲ್ಲಿ ಎರಡೂ ಕಡೆ ಸಮ ಇದೆಯೇ ಎಂದು ನೋಡುವ ಕೆಲಸ ನೆಲದ ಮೇಲೆ ಮೆಕ್ಯಾನಿಕ್‌ನದು. ಫ್ಲಾಪ್ ಇಳಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೋನಮಾಪಕ ಇಟ್ಟು ಡಿಗ್ರಿ ಓದಿ, ವ್ಯತ್ಯಾಸ ಕಂಡರೆ ಸರಳಿನ ಅಥವಾ ತಂತಿಯ ಉದ್ದವನ್ನು ತಿರುಪಿನಿಂದ ಹೊಂದಿಸುವುದು. ನಾವು ಎಂಟನೇ ತರಗತಿಯಲ್ಲಿ ಜ್ಯಾಮಿತಿ ಪೆಟ್ಟಿಗೆಯ ಕೋನಮಾಪಕ ಇಟ್ಟು ಮಾಡುತ್ತಿದ್ದ ಕೆಲಸವೇ, ಸ್ವಲ್ಪ ದೊಡ್ಡ ಅಳತೆಯಲ್ಲಿ. ಒಮ್ಮೆ ಮೇಲೆ ಹಾರಿದ ಮೇಲೆ ಪತ್ತೆ ಮಾಡುವ ಉಪಕರಣ ಪೈಲಟ್‌ನ ಮೈ. ಫ್ಲಾಪ್ ಚಲಿಸುತ್ತಿರುವಾಗ ವಿಮಾನ ಒಂದು ಕಡೆಗೆ ವಾಲಿದರೆ ಹಿಡಿಕೆಯನ್ನು ತಕ್ಷಣ ಮೊದಲಿದ್ದ ಜಾಗಕ್ಕೆ ತಳ್ಳು ಎಂದು ಹಳಬರು ಕಲಿಸುತ್ತಿದ್ದರು. ಸಣ್ಣ ವಿಮಾನಗಳಲ್ಲಿ ಇಂದಿಗೂ ಹಾಗೆಯೇ ಕಲಿಸುತ್ತಾರೆ.

ಜೆಟ್ ವಿಮಾನಗಳು ಬಂದು ರೆಕ್ಕೆ ದೊಡ್ಡದಾದಾಗ ಈ ಉಪಾಯ ಸಾಲದಾಯಿತು. ದೊಡ್ಡ ವಿಮಾನದಲ್ಲಿ ಹೊಟ್ಟೆಯೊಳಗಿನ ಒಂದು ಮೋಟಾರು ಗಿಯರ್‌ಬಾಕ್ಸ್ ಮೂಲಕ ಎರಡೂ ರೆಕ್ಕೆಗಳಿಗೆ ಉದ್ದನೆಯ ಶಾಫ್ಟ್ ತಿರುಗಿಸುತ್ತದೆ. ಶಾಫ್ಟ್ ಒಂದೇ ಆದ್ದರಿಂದ ಎಡ ಬಲ ಎರಡೂ ಒಟ್ಟಿಗೇ ಚಲಿಸಬೇಕು. ನೊಗ ಒಂದೇ ಇದ್ದಂತೆ. ಅಮೆರಿಕದ ವಿಮಾನಯಾನ ನಿಯಮಾವಳಿಯ 25.701ನೇ ನಿಯಮ ಇದನ್ನೇ ಕಾನೂನು ಮಾಡಿದೆ. ಎರಡೂ ಕಡೆಯ ಫ್ಲಾಪ್‌ಗಳನ್ನು ಯಾಂತ್ರಿಕವಾಗಿ ಜೋಡಿಸಿರಬೇಕು, ಅಥವಾ ಅಷ್ಟೇ ನಂಬಿಕೆಯ ಬೇರೆ ವ್ಯವಸ್ಥೆ ಇರಬೇಕು, ಅದೂ ಇಲ್ಲದಿದ್ದರೆ ಒಂದು ಕಡೆ ಚಾಚಿ ಇನ್ನೊಂದು ಕಡೆ ಚಾಚದೆ ಇದ್ದರೂ ವಿಮಾನ ಸುರಕ್ಷಿತವಾಗಿ ಹಾರುತ್ತದೆಂದು ತೋರಿಸಬೇಕು.

ಆದರೆ ಶಾಫ್ಟ್ ಮಧ್ಯದಲ್ಲಿ ಮುರಿದರೆ? ಮುರಿದ ಜಾಗದಿಂದಾಚೆಯ ಫ್ಲಾಪ್‌ಗೆ ದಿಕ್ಕಿಲ್ಲದಂತಾಗುತ್ತದೆ, ಗಾಳಿ ಅದನ್ನು ಹಿಂದಕ್ಕೆ ನೂಕುತ್ತದೆ. ಮೋಟಾರು ಮಾತ್ರ ತಾನು ತಿರುಗಿಸಿದ್ದೇನೆ ಎಂದೇ ಹೇಳುತ್ತದೆ. ಇದು ನಮ್ಮ ಹೇಮಾವತಿ ನಾಲೆಯ ಲೆಕ್ಕ. ತೂಬಿನ ಹತ್ತಿರ ಇಷ್ಟು ನೀರು ಬಿಟ್ಟಿದ್ದೇವೆ ಎಂದು ಪುಸ್ತಕದಲ್ಲಿ ಬರೆದುಕೊಂಡ ಮಾತ್ರಕ್ಕೆ ಕೊನೆ ಭಾಗದ ಗದ್ದೆಗೆ ನೀರು ಮುಟ್ಟಿತೆಂದಾಗುವುದಿಲ್ಲ, ಅಲ್ಲಿಗೇ ಹೋಗಿ ನೋಡಬೇಕು. ಹಾಗಾಗಿ ಅಳೆಯುವ ಸೆನ್ಸರ್‌ಗಳನ್ನು ಶಾಫ್ಟಿನ ಕಟ್ಟಕಡೆಯ ತುದಿಯಲ್ಲಿ, ರೆಕ್ಕೆಯ ಹೊರಭಾಗದಲ್ಲಿ ಇಡುತ್ತಾರೆ. ಎಡತುದಿ ಎಷ್ಟು ತಿರುಗಿತು, ಬಲತುದಿ ಎಷ್ಟು ತಿರುಗಿತು ಎಂದು ಹೋಲಿಸುತ್ತಾರೆ.

ಹೋಲಿಸುವುದು ಒಂದು ಮಾತು, ಅದು ಪೈಲಟ್‌ಗೆ ಗೊತ್ತಾಗುವುದು ಇನ್ನೊಂದು ಮಾತು. ಇವೆರಡರ ನಡುವಿನ ಅಂತರ ಎಷ್ಟು ದುಬಾರಿ ಎನ್ನುವುದು 1979ರ ಮೇ 25ರಂದು ಷಿಕಾಗೋದಲ್ಲಿ ಜಗತ್ತಿಗೆ ತಿಳಿಯಿತು. ಅಮೆರಿಕನ್ ಏರ್‌ಲೈನ್ಸ್‌ನ 191ನೇ ಫ್ಲೈಟ್, ಡಿಸಿ-10 ಎಂಬ ಮೂರು ಎಂಜಿನ್ನಿನ ವಿಮಾನ. ಮೇಲೇಳುವ ಕ್ಷಣದಲ್ಲಿ ಎಡ ರೆಕ್ಕೆಯ ಎಂಜಿನ್, ತನ್ನನ್ನು ಹಿಡಿದಿದ್ದ ಚೌಕಟ್ಟಿನ ಸಮೇತ ಕಿತ್ತು ರೆಕ್ಕೆಯ ಮೇಲಿನಿಂದ ಹಿಂದಕ್ಕೆ ಹಾರಿಹೋಯಿತು. ಹಿಂದಿನ ದುರಸ್ತಿಯೊಂದರಲ್ಲಿ ಎಂಜಿನ್ನನ್ನೂ ಚೌಕಟ್ಟನ್ನೂ ಬಿಡಿಬಿಡಿಯಾಗಿ ಇಳಿಸುವ ಬದಲು, ಸಮಯ ಉಳಿಸಲು ಫೋರ್ಕ್‌ಲಿಫ್ಟ್ ಕೊಟ್ಟು ಒಟ್ಟಿಗೇ ಇಳಿಸಿ ಏರಿಸಿದ್ದರಿಂದ ಚೌಕಟ್ಟಿನಲ್ಲಿ ಬಿರುಕು ಬಿಟ್ಟಿತ್ತು.

ಎಂಜಿನ್ ಹೋದರೂ ಡಿಸಿ-10 ಹಾರಬಲ್ಲದು. ಆದರೆ ಎಂಜಿನ್ ಹೋಗುವಾಗ ಹೈಡ್ರಾಲಿಕ್ ಕೊಳವೆಗಳನ್ನೂ ಹರಿದುಕೊಂಡು ಹೋಗಿತ್ತು. ಆ ವಿಮಾನದಲ್ಲಿ ಸ್ಲ್ಯಾಟ್‌ಗಳನ್ನು ಚಾಚಿದ ಸ್ಥಿತಿಯಲ್ಲಿ ಹಿಡಿದಿದ್ದುದು ಹೈಡ್ರಾಲಿಕ್ ಎಣ್ಣೆಯ ಒತ್ತಡವೇ, ಬೇರೆ ಚಿಲಕವಿರಲಿಲ್ಲ. ಒತ್ತಡ ಹೋದ ಕೂಡಲೇ ಎಡ ರೆಕ್ಕೆಯ ಹೊರಭಾಗದ ಸ್ಲ್ಯಾಟ್‌ಗಳು ಗಾಳಿಯ ನೂಕಿಗೆ ಒಳಕ್ಕೆ ಸೇರಿದವು. ಬಲ ರೆಕ್ಕೆಯವು ಚಾಚಿಕೊಂಡೇ ಇದ್ದವು. ನಮ್ಮಪ್ಪ ಕೇಳಿದ 'ಹೆಚ್ಚು ಕಮ್ಮಿ ಆದ್ರೆ' ಎಂದರೆ ಇದೇ.

ಸ್ಲ್ಯಾಟ್‌ಗಳಲ್ಲಿ ವ್ಯತ್ಯಾಸವಾದರೆ ತಿಳಿಸುವ ದೀಪ ಕಾಕ್‌ಪಿಟ್‌ನಲ್ಲಿ ಇತ್ತು. ರೆಕ್ಕೆ ಇನ್ನು ಎತ್ತಲಾರದು ಎನ್ನುವ ವೇಗಕ್ಕೆ ಬಂದಾಗ ಹಿಡಿಕೆಯನ್ನೇ ಗಡಗಡ ನಡುಗಿಸಿ ಎಚ್ಚರಿಸುವ ಯಂತ್ರವೂ ಕ್ಯಾಪ್ಟನ್ ಕಡೆ ಇತ್ತು. ಇವೆರಡಕ್ಕೂ ವಿದ್ಯುತ್ ಬರುತ್ತಿದ್ದುದು ಕಿತ್ತುಹೋದ ಎಂಜಿನ್ನಿನ ಜನರೇಟರ್‌ನಿಂದ. ಕಾಕ್‌ಪಿಟ್‌ನಿಂದ ತಿರುಗಿ ನೋಡಿದರೆ ಆ ರೆಕ್ಕೆ ಕಾಣುತ್ತಿರಲಿಲ್ಲ. ಪೈಲಟ್‌ಗಳಿಗೆ ಗೊತ್ತಿದ್ದುದು ಒಂದು ಎಂಜಿನ್ ಹೋಗಿದೆ ಎಂದಷ್ಟೇ. ಅದಕ್ಕೆ ಪುಸ್ತಕದಲ್ಲಿ ಏನು ಬರೆದಿತ್ತೋ ಅದನ್ನು ಅವರು ಚಾಚೂ ತಪ್ಪದೆ ಮಾಡಿದರು. 172 ನಾಟ್ ಇದ್ದ ವೇಗವನ್ನು, ಪುಸ್ತಕ ಹೇಳಿದ 153ರ ಕಡೆಗೆ ಇಳಿಸತೊಡಗಿದರು. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್. ಸ್ಲ್ಯಾಟ್ ಇಲ್ಲದ ಎಡ ರೆಕ್ಕೆಗೆ ಕನಿಷ್ಠ ಬೇಕಾಗಿದ್ದುದು 159 ನಾಟ್. ವೇಗ ಅಲ್ಲಿಗೆ ಇಳಿಯುತ್ತಲೇ ವಿಮಾನ ಎಡಕ್ಕೆ ಮಗುಚಿ ನೆಲಕ್ಕೆ ಬಡಿಯಿತು. ನೆಲ ಬಿಟ್ಟು 31 ಸೆಕೆಂಡ್ ಆಗಿತ್ತು. ಒಳಗಿದ್ದ 271 ಜನ, ಕೆಳಗಿದ್ದ 2 ಜನ, ಒಟ್ಟು 273 ಜನ ತೀರಿಕೊಂಡರು.

ಈ ಅಪಘಾತದ ವಿವರ ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ವೇಗ ಇಳಿಸದೆ ಇದ್ದಿದ್ದರೆ ಆ ವಿಮಾನವನ್ನು ಹಾರಿಸಿಕೊಂಡು ಹೋಗಬಹುದಾಗಿತ್ತು. ತಪ್ಪು ಪೈಲಟ್‌ಗಳದಲ್ಲ, ಪುಸ್ತಕದಂತೆಯೇ ನಡೆದವರು ಅವರು. ಎಚ್ಚರಿಸಬೇಕಾದ ಯಂತ್ರ, ಯಾವ ಅಪಾಯದ ಬಗ್ಗೆ ಎಚ್ಚರಿಸಬೇಕಾಗಿತ್ತೋ ಅದೇ ಅಪಾಯದ ಜೊತೆಗೆ ಸತ್ತುಹೋಗಿತ್ತು. ಬಾವಿಗೆ ಬಿದ್ದವನ ಜೊತೆ ಹಗ್ಗವೂ ಬಾವಿಗೆ ಬಿದ್ದಂತೆ. ನಂತರ ಡಿಸಿ-10ಗಳಲ್ಲಿ ಹಿಡಿಕೆ ನಡುಗಿಸುವ ಯಂತ್ರವನ್ನು ಎರಡೂ ಕಡೆ ಕಡ್ಡಾಯ ಮಾಡಿದರು, ಒತ್ತಡ ಹೋದರೂ ಸ್ಲ್ಯಾಟ್ ಒಳಕ್ಕೆ ಸರಿಯದಂತೆ ತಡೆ ಅಳವಡಿಸಿದರು.

ಇಲ್ಲಿಂದ ಚರಿತ್ರೆ ಕಂಪ್ಯೂಟರ್ ಕಾಲಕ್ಕೆ ಬರುತ್ತದೆ. ಇಂಡಿಯನ್ ಏರ್‌ಲೈನ್ಸ್ 1989ರಲ್ಲಿ ಏರ್‌ಬಸ್ ಎ-320 ತಂದಿತು. ಪೈಲಟ್‌ನ ಕೈ ಮತ್ತು ರೆಕ್ಕೆಯ ನಡುವೆ ಕಂಪ್ಯೂಟರ್ ಕೂತ ಮೊದಲ ತಲೆಮಾರಿನ ಪ್ರಯಾಣಿಕ ವಿಮಾನ ಅದು. 1990ರ ಫೆಬ್ರವರಿ 14ರಂದು ಅಂಥದೊಂದು ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುವಾಗ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿದ್ದು 92 ಜನ ಸತ್ತರು. ಆಗ ಊರೂರಲ್ಲಿ ಕಂಪ್ಯೂಟರ್ ವಿಮಾನ ಎಂದು ಬೈದರಂತೆ. ಆ ಅಪಘಾತಕ್ಕೆ ಫ್ಲಾಪ್ ಕಾರಣವಾಗಿರಲಿಲ್ಲ, ವೇಗವೂ ಎತ್ತರವೂ ಇಳಿಯುತ್ತಿದ್ದುದನ್ನು ಹೊತ್ತಿಗೆ ಸರಿಯಾಗಿ ಗಮನಿಸಲಿಲ್ಲ. ಅಂದು ಬೈಸಿಕೊಂಡ ಅದೇ ಎ-320 ಕುಟುಂಬದ ವಿಮಾನದಲ್ಲಿಯೇ ನಾವು ಕಾಶಿಗೆ ಹೋದದ್ದು. ಆದ್ದರಿಂದ ಅಪ್ಪನ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಅದರ ರೆಕ್ಕೆಯಲ್ಲಿದೆ.

ಆ ವಿಮಾನದಲ್ಲಿ ಫ್ಲಾಪ್ ಮತ್ತು ಸ್ಲ್ಯಾಟ್ ನೋಡಿಕೊಳ್ಳಲು ಎರಡು ಕಂಪ್ಯೂಟರ್‌ಗಳಿವೆ. ಶಾಫ್ಟ್ ತಿರುಗಿಸಲು ಎರಡು ಹೈಡ್ರಾಲಿಕ್ ಮೋಟಾರುಗಳು, ಎರಡಕ್ಕೂ ಬೇರೆ ಬೇರೆ ಕೊಳವೆ ವ್ಯವಸ್ಥೆ. ಒಂದು ಮೋಟಾರು ನಿಂತರೆ ಇನ್ನೊಂದು ಅರ್ಧ ವೇಗದಲ್ಲಿ ಕೆಲಸ ಮುಗಿಸುತ್ತದೆ. ರೆಕ್ಕೆಯ ತುದಿಗಳಲ್ಲಿ ಸೆನ್ಸರ್‌ಗಳ ಜೊತೆಗೆ ಒಂದೊಂದು ಬ್ರೇಕ್ ಇದೆ. ಎಡ ಬಲದ ಲೆಕ್ಕ ತಾಳೆಯಾಗದಿದ್ದರೆ, ಅಥವಾ ಪೈಲಟ್ ಹೇಳದೆಯೇ ಫ್ಲಾಪ್ ಚಲಿಸತೊಡಗಿದರೆ, ಅಥವಾ ಶಾಫ್ಟ್ ಅತಿ ವೇಗವಾಗಿ ತಿರುಗಿದರೆ ಕಂಪ್ಯೂಟರ್ ಆ ಬ್ರೇಕುಗಳನ್ನು ಕಚ್ಚಿಸಿಬಿಡುತ್ತದೆ. ಫ್ಲಾಪ್ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಫ್ಲಾಪ್ ಬೀಗ ಬಿದ್ದಿದೆ ಎಂದು ಪರದೆಯ ಮೇಲೆ ಸಂದೇಶ ಬರುತ್ತದೆ. ಫ್ಲಾಪ್ ಹೀಗೆ ನಿಂತರೂ ಸ್ಲ್ಯಾಟ್‌ಗಳು ಎಂದಿನಂತೆ ಕೆಲಸ ಮಾಡುತ್ತವೆ, ಅವು ನಿಂತರೆ ಫ್ಲಾಪ್ ಮಾಡುತ್ತದೆ.

ನನ್ನನ್ನು ಬೆರಗುಗೊಳಿಸಿದ್ದು ಇದರ ಮುಂದಿನ ಸಂಗತಿ. ಆ ಬ್ರೇಕ್ ಒಮ್ಮೆ ಕಚ್ಚಿದರೆ ಆಕಾಶದಲ್ಲಿ ಅದನ್ನು ಯಾರೂ ಬಿಡಿಸಲಾಗದು, ನೆಲದ ಮೇಲೆ ಮಾತ್ರ ಬಿಡಿಸಬಹುದು. ನಾವು ಬರೆಯುವ ಸಾಫ್ಟ್‌ವೇರ್‌ನಲ್ಲಿ ಏನಾದರೂ ಕೆಟ್ಟರೆ ಮೊದಲು ಮಾಡುವುದು ಮತ್ತೊಮ್ಮೆ ಪ್ರಯತ್ನಿಸುವುದು, ಅದಕ್ಕೂ ಬಗ್ಗದಿದ್ದರೆ ಆಫ್ ಮಾಡಿ ಆನ್ ಮಾಡುವುದು. ಇಲ್ಲಿ ಕಂಪ್ಯೂಟರ್‌ಗೆ ಎರಡೂ ಕಡೆ ಸರಿಪಡಿಸಲು ಪ್ರಯತ್ನಿಸುವ ಅಧಿಕಾರವನ್ನೇ ಕೊಟ್ಟಿಲ್ಲ. ಪತ್ತೆ ಮಾಡು, ನಿಲ್ಲಿಸು, ಹೇಳು, ಅಷ್ಟೇ. ಸ್ವಲ್ಪ ವ್ಯತ್ಯಾಸವಿರುವ ಎರಡು ರೆಕ್ಕೆಗಳನ್ನು ಪೈಲಟ್ ಸಂಭಾಳಿಸಬಲ್ಲ. ವ್ಯತ್ಯಾಸ ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದರೆ ಸಂಭಾಳಿಸಲಾರ.

ನಿಲ್ಲಿಸಿದ ಮೇಲೆ ಉಳಿದದ್ದು ಮನುಷ್ಯರ ಕೆಲಸ. ಇಳಿಯುವುದನ್ನು ಬಿಟ್ಟು ಮೇಲಕ್ಕೆ ಹೋಗಬೇಕು, ಪುಸ್ತಕ ತೆಗೆದು ಫ್ಲಾಪ್ ಎಷ್ಟರಲ್ಲಿ ನಿಂತಿದೆಯೋ ಅದಕ್ಕೆ ತಕ್ಕ ವೇಗ ನೋಡಬೇಕು, ಉದ್ದವಾದ ರನ್‌ವೇ ಹುಡುಕಬೇಕು. ಗಂಟೆಗೆ 260 ಕಿಲೋಮೀಟರ್ ವೇಗದಲ್ಲಿ ಇಳಿಯಬೇಕಾದ ವಿಮಾನ 300ರಲ್ಲಿ ಇಳಿದರೆ, ಮತ್ತೆ ಅದೇ ವರ್ಗದ ಲೆಕ್ಕ, ನಿಲ್ಲಿಸಲು ಮೂರನೇ ಒಂದರಷ್ಟು ಹೆಚ್ಚು ಶಕ್ತಿಯನ್ನು ಬ್ರೇಕುಗಳು ನುಂಗಬೇಕು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇ 4,000 ಮೀಟರ್. ಗುಡ್ಡದ ನೆತ್ತಿಯ ಮೇಲಿರುವ ಮಂಗಳೂರಿನದು ಸುಮಾರು 2,450 ಮೀಟರ್, ಅದರಾಚೆ ಕಣಿವೆ. ಫ್ಲಾಪ್ ಸಿಕ್ಕಿಕೊಂಡ ವಿಮಾನಕ್ಕೆ ಇವೆರಡರಲ್ಲಿ ಯಾವುದು ವಾಸಿ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಗೊರೂರಿನ ಪುಟ. ಕ್ಯಾಪ್ಟನ್ ಗೋಪಿನಾಥ್ ಅವರ ಕಥೆ ನಮ್ಮ ಭಾಗದವರಿಗೆಲ್ಲ ಗೊತ್ತು. ಗೊರೂರಿನ ಕನ್ನಡ ಶಾಲೆಯಲ್ಲಿ ಓದಿ, ಬಿಜಾಪುರದ ಸೈನಿಕ ಶಾಲೆಗೆ ಹೋಗಿ, ಸೈನ್ಯದಲ್ಲಿದ್ದು ಬಂದು, ಹೇಮಾವತಿಯಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಸಿಕ್ಕ ಜಾವಗಲ್ ಕಡೆಯ ಭೂಮಿಯಲ್ಲಿ ಬೇಸಾಯ ಮಾಡಿದವರು. ಅವರು 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಆರಿಸಿಕೊಂಡದ್ದು ಎಟಿಆರ್-42 ಎಂಬ ಫ್ರಾನ್ಸ್–ಇಟಲಿಯ ಸಣ್ಣ ವಿಮಾನ. ಎರಡು ಪ್ರೊಪೆಲ್ಲರ್, ಮೇಲ್ಭಾಗದಲ್ಲಿ ರೆಕ್ಕೆ, ಐವತ್ತಕ್ಕಿಂತ ಕಡಿಮೆ ಸೀಟು. ಹುಬ್ಬಳ್ಳಿಯಂಥ ಊರುಗಳ ಚಿಕ್ಕ ರನ್‌ವೇಗೆ ಹೇಳಿ ಮಾಡಿಸಿದ್ದು. ಅದರಲ್ಲಿಯೂ ಎಡ ಬಲ ಫ್ಲಾಪ್‌ಗಳ ನಡುವೆ ಕೆಲವು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚಾಲನೆ ಕಡಿದು ಫ್ಲಾಪ್ ನಿಲ್ಲಿಸುವ ವ್ಯವಸ್ಥೆ ಇದೆ.

ಅದೇ ಎಟಿಆರ್-42 ಜಾತಿಯ ವಿಮಾನವೊಂದು 2009ರ ಜನವರಿ 27ರ ಬೆಳಗಿನ ಜಾವ ಅಮೆರಿಕದ ಟೆಕ್ಸಾಸ್‌ನ ಲಬಕ್ ಎಂಬಲ್ಲಿ ಇಳಿಯುತ್ತಿತ್ತು. ಎಂಪೈರ್ ಏರ್‌ಲೈನ್ಸ್‌ನ ಸರಕು ವಿಮಾನ, ಒಳಗೆ ಇಬ್ಬರು ಪೈಲಟ್‌ಗಳು ಮಾತ್ರ. ಹೊರಗೆ ತುಂತುರು ಮಳೆ ಬಿದ್ದಲ್ಲೇ ಹೆಪ್ಪುಗಟ್ಟುವ ಚಳಿ. ಫ್ಲಾಪ್ ಇಳಿಸಿದಾಗ ಎರಡು ಕಡೆ ಸಮನಾಗಿ ಇಳಿಯಲಿಲ್ಲ. ಯಂತ್ರ ತನ್ನ ಕೆಲಸವನ್ನು ಸರಿಯಾಗಿ ಮಾಡಿತು, ನಿಲ್ಲಿಸಿತು. ಪುಸ್ತಕದ ಪ್ರಕಾರ ಆಗ ಇಳಿಯುವುದನ್ನು ಕೈಬಿಟ್ಟು ಮೇಲಕ್ಕೆ ಹೋಗಬೇಕಾಗಿತ್ತು. ಸಹ ಪೈಲಟ್, ಆಗ ವಿಮಾನವನ್ನು ನಡೆಸುತ್ತಿದ್ದ ಯುವತಿ, ಮೇಲಕ್ಕೆ ಹೋಗೋಣವೇ ಎಂದು ಕೇಳಿದರು. ಅನುಭವಿ ಕ್ಯಾಪ್ಟನ್ ಬೇಡವೆಂದರು. ಫ್ಲಾಪ್ ಏಕೆ ಹೀಗಾಯಿತು ಎಂದು ಹುಡುಕುವುದರಲ್ಲಿ ಅವರ ಗಮನ ಹೋಯಿತು. ಅಷ್ಟರಲ್ಲಿ ವೇಗ ಇಳಿಯುತ್ತಾ ಬಂತು, ಹಿಡಿಕೆ ನಡುಗಿ ಎಚ್ಚರಿಸಿತು, ನೆಲ ಹತ್ತಿರವಾಗುತ್ತಿದೆ ಎಂಬ ಎಚ್ಚರಿಕೆಯೂ ಕೂಗಿತು. ವಿಮಾನ ರನ್‌ವೇಗೆ ಮುಂಚೆಯೇ ನೆಲಕ್ಕೆ ಬಿದ್ದು ಹೊತ್ತಿಕೊಂಡಿತು. ಪುಣ್ಯಕ್ಕೆ ಇಬ್ಬರೂ ಬದುಕಿದರು.

ತನಿಖೆ ನಡೆಸಿದವರು ಮುಖ್ಯ ಕಾರಣವೆಂದು ಬರೆದದ್ದು ಫ್ಲಾಪ್ ಅನ್ನಲ್ಲ, ಕನಿಷ್ಠ ಸುರಕ್ಷಿತ ವೇಗವನ್ನು ಗಮನಿಸಿ ಕಾಪಾಡಿಕೊಳ್ಳದೆ ಇದ್ದದ್ದನ್ನು. ಫ್ಲಾಪ್ ದೋಷಕ್ಕೆ ನಿಗದಿಯಾದ ಕ್ರಮ ಅನುಸರಿಸದೆ ಇದ್ದದ್ದು, ಇಬ್ಬರ ನಡುವೆ ಹೊಂದಾಣಿಕೆ ಸಾಲದಾದದ್ದು, ದಣಿವು, ಇವು ಜೊತೆಗೂಡಿದ ಕಾರಣಗಳು. ಷಿಕಾಗೋದಲ್ಲಿ ಯಂತ್ರ ಹೇಳಲಿಲ್ಲ, ಮನುಷ್ಯರಿಗೆ ತಿಳಿಯಲಿಲ್ಲ. 30 ವರ್ಷಗಳ ನಂತರ ಲಬಕ್‌ನಲ್ಲಿ ಯಂತ್ರವೂ ಹೇಳಿತು, ಪಕ್ಕದಲ್ಲಿ ಕೂತಿದ್ದ ಕಿರಿಯರೂ ಕೇಳಿದರು.

ಇದನ್ನು ಓದುವಾಗ ನನಗೆ ಮಂಗಳೂರು ನೆನಪಾಯಿತು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ಅಲ್ಲಿ ಫ್ಲಾಪ್ ದೋಷವೇನೂ ಇರಲಿಲ್ಲ. ಆದರೆ ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು, ಸಹ ಪೈಲಟ್ ಮೂರು ಬಾರಿ ಮೇಲಕ್ಕೆ ಹೋಗೋಣ ಎಂದಿದ್ದರು ಎಂದು ವಿಚಾರಣಾ ವರದಿ ಹೇಳುತ್ತದೆ. ಟೆಕ್ಸಾಸ್‌ಗೂ ಮಂಗಳೂರಿಗೂ ನಡುವೆ ಹದಿನಾರು ತಿಂಗಳು.

ಈಗ ಪೈಲಟ್‌ಗಳಿಗೆ ಫ್ಲಾಪ್ ಸಿಕ್ಕಿಕೊಂಡ ಸನ್ನಿವೇಶವನ್ನು ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಿಸುತ್ತಾರೆ. ಒಬ್ಬರು ವಿಮಾನ ನಡೆಸಬೇಕು, ಅವರ ಕಣ್ಣು ವೇಗದ ಮೇಲೆ. ಇನ್ನೊಬ್ಬರು ಪುಸ್ತಕ ಓದಬೇಕು. ಇಬ್ಬರೂ ಒಟ್ಟಿಗೇ ಫ್ಲಾಪ್ ನೋಡುತ್ತಾ ಕೂರುವಂತಿಲ್ಲ. ಮೇಲಕ್ಕೆ ಹೋಗೋಣ ಎಂದು ಇಬ್ಬರಲ್ಲಿ ಯಾರು ಹೇಳಿದರೂ ಹೋಗಲೇಬೇಕು ಎಂಬ ಕ್ರಮವನ್ನು ಅನೇಕ ಸಂಸ್ಥೆಗಳು ಇಟ್ಟುಕೊಂಡಿವೆ. ಇಳಿದ ಮೇಲೆ ಪೈಲಟ್ ಲಾಗ್ ಪುಸ್ತಕದಲ್ಲಿ ದೋಷ ಬರೆಯುತ್ತಾನೆ. ಎಂಜಿನಿಯರ್‌ಗಳು ಬಂದು ಕಂಪ್ಯೂಟರ್ ದಾಖಲಿಸಿದ ದೋಷ ಓದಿ, ಶಾಫ್ಟ್ ಮುರಿದಿದೆಯೋ, ಸೆನ್ಸರ್ ಸುಳ್ಳು ಹೇಳಿತೋ, ನೀರು ಸೇರಿ ಹೆಪ್ಪುಗಟ್ಟಿತ್ತೋ ಎಂದು ಹುಡುಕುತ್ತಾರೆ. ಬ್ರೇಕ್ ಬಿಡಿಸುವುದು ಆಮೇಲೆ. ಕೊನೆಗೆ ಫ್ಲಾಪ್ ಇಳಿಸಿ ಎಡ ಬಲ ಅಳೆದು ತಾಳೆ ನೋಡಿ ಸಹಿ ಹಾಕಬೇಕು. ಲಿಬರೇಟರ್ ಕಾಲದ ಆ ಅಳತೆ ಇನ್ನೂ ಹೋಗಿಲ್ಲ.

ಹೋದ ಭಾನುವಾರ ಊರಿಗೆ ಬಂದಾಗ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಷಿಕಾಗೋ ಭಾಗ ಬಂದಾಗ ಅಮ್ಮ ಒಳಗೆ ಎದ್ದು ಹೋದರು. ಅಪ್ಪ ಪೂರ್ತಿ ಕೇಳಿ, "ಆ ಹುಡುಗಿ ಮಾತು ಕೇಳ್ಬೇಕಾಗಿತ್ತು ಅವ್ನು" ಎಂದರು. ನಂತರ, ತಾವು ಎಡಗಡೆ ಕೂತಿದ್ದರಿಂದ ಬಲಗಡೆ ರೆಕ್ಕೆ ನೋಡಲೇ ಇಲ್ಲವಲ್ಲ ಎಂದು ಬೇಸರ ಪಟ್ಟುಕೊಂಡರು. 2023ರ ಆಗಸ್ಟ್‌ನಿಂದ ಬೆಂಗಳೂರು–ಶಿವಮೊಗ್ಗ ನಡುವೆ ಎಟಿಆರ್ ವಿಮಾನ ಹಾರುತ್ತಿದೆ. ಅದರ ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಫ್ಲಾಪ್ ಚೆನ್ನಾಗಿ ಕಾಣುತ್ತದೆ. ಶಿವಮೊಗ್ಗದಲ್ಲಿ ನಮ್ಮ ಸೋದರತ್ತೆಯ ಮನೆಯಿದೆ. ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ ಸೀಟು ಹಾಕಿಸುತ್ತೇನೆ ಎಂದಿದ್ದೇನೆ.